ಜಾಲರಿಗೆ ಇಟ್ಟ ಕುಂಕುಮ

ಮದ್ದೂರಿನಲ್ಲಿ ಹನ್ನೊಂದು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಕಳೆದುಕೊಂಡಿದ್ದು ಎರಡು ಕೊಡೆ, ಒಂದು ಟ್ರೈಪಾಡಿನ ಕಾಲು ಮತ್ತು ಬೇಕಾದಷ್ಟು ತಾಳ್ಮೆ. ಮದುವೆಯನ್ನೇ ಕಳೆದುಕೊಂಡಿದ್ದು ಮಾತ್ರ ಇರಲಿಲ್ಲ. ಪ್ರಿಯಾಂಕಳ ಮದುವೆಯಾದ ನಾಲ್ಕನೇ ದಿನ, ಗುರುವಾರ ಬೆಳಗ್ಗೆ ಒಂಬತ್ತೂವರೆಗೆ, ಅದೂ ಆಯಿತು.

ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ, ಲ್ಯಾಪ್‌ಟಾಪ್ ಹಾಕಿದೆ. ಪರದೆ ತುಂಬ ಹಸಿರು ಗೆರೆಗಳು ಬಂದವು. ಆಫ್ ಮಾಡಿ ಮತ್ತೆ ಹಾಕಿದೆ. ಈ ಸಲ ಗೆರೆಯೂ ಇಲ್ಲ. ಒಳಗೆ ಫ್ಯಾನು ಗೊರಗೊರ ಎನ್ನುತ್ತಿತ್ತು, ಪರದೆ ಮಾತ್ರ ಕಪ್ಪಗೆ ಕೂತಿತ್ತು. ವೈರು ಎಳೆದು ಟಿವಿಗೆ ಸಿಕ್ಕಿಸಿ ನೋಡಿದೆ, ಅದರಲ್ಲೂ ಏನಿಲ್ಲ. ಆಮೇಲೆ ಒಂದೆರಡು ಸಲ ಅದಕ್ಕೆ ಹೊಡೆದೆ. ಹೊಡೆದರೆ ಸರಿ ಹೋಗುತ್ತದೆಂದಲ್ಲ, ನನಗೆ ಸಿಟ್ಟು ಬಂದಿತ್ತು.

ಬ್ಯಾಕಪ್ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ, ತಾವು ಮಾತ್ರ ಯಾವತ್ತೂ ಮಾಡಿಕೊಂಡಿರುವುದಿಲ್ಲ. ಮದುವೆ ಕಾಲ. ಭಾನುವಾರ ಪ್ರಿಯಾಂಕಳದ್ದು, ಮಾರನೆಯ ದಿನವೇ ಸೋಮನಹಳ್ಳಿಯಲ್ಲಿ ಒಂದು ಗೃಹಪ್ರವೇಶ, ಬುಧವಾರ ಇನ್ನೊಂದು ಮದುವೆ. ನನ್ನ ಹತ್ತಿರ ಇರುವುದು ನಾಲ್ಕೇ ಮೆಮೊರಿ ಕಾರ್ಡು. ಭಾನುವಾರದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕಾರ್ಡುಗಳನ್ನು ಅಳಿಸಿ ಮುಂದಿನ ಕೆಲಸಕ್ಕೆ ಹೊರಟಿದ್ದೆ. ಬ್ಯಾಕಪ್ ಡಿಸ್ಕು ತುಂಬಿಹೋಗಿತ್ತು. ನಾಳೆ ಖಾಲಿ ಮಾಡೋಣ ಎಂದುಕೊಂಡಿದ್ದೆ. ಆ ನಾಳೆ ಮೂರು ದಿನ ಕಳೆದರೂ ಬಂದಿರಲಿಲ್ಲ.

ಬೇರೆ ಯಾರದಾದರೂ ಮದುವೆಯಾಗಿದ್ದರೆ ಹೋಗಿ ಕಾಲು ಹಿಡಿದು, ಬೈಗುಳ ತಿಂದು ಬರುತ್ತಿದ್ದೆ. ಇದು ಲೈನ್‌ಮನ್ ಚೌಡಯ್ಯನವರ ಮಗಳ ಮದುವೆ. ಕೊಪ್ಪದ ಸುತ್ತಮುತ್ತ ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ ಒಂದು ಸಲವೂ ಬೀಳದ ಮನುಷ್ಯ, ಮದುವೆಗೆ ಎರಡು ದಿನ ಇರುವಾಗ ಮನೆ ಮುಂದಿನ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಲು ಹೋಗಿ ಎಂಟಡಿ ಏಣಿಯಿಂದ ಬಿದ್ದರು. ತೊಡೆ ಮೂಳೆ ಮುರಿಯಿತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಮದುವೆ ಮುಂದಕ್ಕೆ ಹಾಕೋಣ ಎಂದು ಎಲ್ಲರೂ ಹೇಳಿದಾಗ ಮಂಚದ ಮೇಲಿಂದಲೇ ಗದರಿದರಂತೆ. ಆಮೇಲೆ ನನಗೆ ಫೋನ್ ಮಾಡಿದರು.

"ರಘು, ಒಂದ್ ಚೂರೂ ಬುಡಬ್ಯಾಡ ಕಣಪ್ಪ, ಎಲ್ಲಾನೂ ತಗಿ. ಮೇಲೆ ಸಿನಿಮಾ ಹಾಡು ಗೀಡು ಹಾಕ್ಬ್ಯಾಡ. ಜನ ಮಾತಾಡದು ನಂಗೆ ಕೇಳುಸ್ಬೇಕು. ನಾನು ಅಲ್ಲೇ ಕೂತಂಗೆ ಇರ್ಬೇಕು, ಗೊತ್ತಾಯ್ತಾ?"

"ಆಯ್ತು ಚೌಡಣ್ಣ, ನೀವೇನೂ ಯೋಚ್ನೆ ಮಾಡ್ಬೇಡಿ," ಎಂದು ದೊಡ್ಡದಾಗಿ ಹೇಳಿದ್ದೆ. ಆ ಮಾತು ಈಗ ಎದೆಯ ಮೇಲೆ ಬಂದು ಕೂತಿತು.

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿ ಮಂಡ್ಯಕ್ಕೆ ಹೊಡೆದೆ. ಅಲ್ಲಿ ಶಿವರಾಮುವಿನ ರಿಪೇರಿ ಅಂಗಡಿ ಇದೆ. ಐಟಿಐನಲ್ಲಿ ನನ್ನ ಜೊತೆ ಓದಿದವನು. ಬೋರ್ಡಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲಿ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ನಿಜ ಇರಬಹುದು.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ಎರಡು ಸಲ ಆನ್ ಆಫ್ ಮಾಡಿ, ಕಿವಿಯಿಟ್ಟು ಕೇಳಿ, "ಗ್ರಾಫಿಕ್ಸ್ ಚಿಪ್ಪು ಓಗದೆ ಕಣ್ಲಾ," ಎಂದ.

"ಚಿಪ್ಪು ಮನೆ ಹಾಳಾಗ್ಲಿ. ಡಿಸ್ಕು ಕಿತ್ಕೊಡು ಸಾಕು, ಬೇರೆ ಮಿಷನ್‌ಗೆ ಹಾಕ್ಕತೀನಿ."

"ಕೀಳಕ್ಕೆ ಡಿಸ್ಕೆಲ್ಲೈತ್ಲಾ ಇದ್ರಲ್ಲಿ? ತೆಳ್ಳಗೆ ಬೇಕು ಅಂತ ತಗಂಡೆ. ಎಲ್ಲಾನೂ ಬೋರ್ಡಿಗೇ ಬೆಸ್ದವ್ರೆ. ಬೋರ್ಡು ಎದ್ರೆ ನಿನ್ ಫೈಲು, ಇಲ್ದಿದ್ರೆ ಇಲ್ಲ."

ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ಸ್ಟೂಲ್ ಎಳೆದು ಕೂರಿಸಿ ನೀರು ಕೊಟ್ಟ. ಆಮೇಲೆ ಸ್ಕ್ರೂಗಳನ್ನು ಬಿಚ್ಚತೊಡಗಿದ. ತಳದ ಮುಚ್ಚಳ ತೆಗೆದವನು ಲೈಟನ್ನು ಹತ್ತಿರ ಎಳೆದುಕೊಂಡ. ನಾನೂ ಬಗ್ಗಿ ನೋಡಿದೆ.

ಫ್ಯಾನಿನ ರೆಕ್ಕೆಗಳು ಕೆಂಪಗಿದ್ದವು. ಚಿಪ್ಪಿನ ಬಿಸಿಯನ್ನು ಹೊರಗೆ ಹಾಕುವ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕುಂಕುಮ, ಅರಿಶಿನ, ವಿಭೂತಿ ಪದರ ಪದರವಾಗಿ ಕೂತು ಗಟ್ಟಿಯಾಗಿದ್ದವು. ಒಂದು ಒಣಗಿದ ಚೆಂಡು ಹೂವಿನ ಎಸಳಿತ್ತು. ಎರಡು ಅಕ್ಷತೆ ಕಾಳೂ ಇದ್ದವು.

"ಏನ್ಲಾ ಇದು, ಲ್ಯಾಪ್‌ಟಾಪಾ ಪೂಜೆ ತಟ್ಟೆಯಾ? ಗಾಳಿ ಆಡಕ್ಕೆ ಒಂದ್ ಸಂದೀನೂ ಇಲ್ವಲ್ಲೋ! ಬಿಸಿ ಎಲ್ಲಿಗ್ ಓಯ್ತದೆ? ಚಿಪ್ಪು ಕಾದು ಕಾದು ಒಳಗಿನ ಬೆಸುಗೆ ಬುಟ್ಕಂಡದೆ."

ಆಯುಧಪೂಜೆ! ಐದು ವರ್ಷದಿಂದ, ಪ್ರತಿ ಆಯುಧಪೂಜೆಗೂ, ಕ್ಯಾಮೆರಾ, ಲೈಟು, ಬೈಕು, ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿ ಇಡುತ್ತೇವೆ. ನನ್ನ ಅವ್ವ ದೇವಿರಮ್ಮ ಒಂದನ್ನೂ ಬಿಡದೆ ಬಳಿಯುತ್ತಾಳೆ. ನನಗೆ ಉರಿದುಹೋಯಿತು. ಅಲ್ಲೇ ಫೋನ್ ತೆಗೆದು ಮನೆಗೆ ಮಾಡಿದೆ.

"ಅವ್ವ, ಆ ಲ್ಯಾಪ್‌ಟಾಪ್‌ಗೆ ಏನ್ ಮಾಡಿದ್ಯೆ ನೀನು? ಒಳಗೆಲ್ಲ ಕುಂಕ್ಮ ತುಂಬ್ಕಂಡು ಕೆಟ್ಟು ಕೂತದೆ! ಮುಚ್ಚಳದ ಮೇಲೆ ಒಂದ್ ಬೊಟ್ಟಿಟ್ಟಿದ್ರೆ ಆಯ್ತಿರ್ಲಿಲ್ವಾ? ಗಾಳಿ ಓಗೋ ಜಾಲರಿಗೇ ಮೆತ್ಬೇಕಾಗಿತ್ತಾ?"

ಅವ್ವ ಸಾವಧಾನವಾಗಿ ಕೇಳಿಸಿಕೊಂಡಳು. ಅವಳು ಸಾವಧಾನವಾಗಿದ್ದರೆ ನಾನು ಸೋತೆನೆಂದೇ ಲೆಕ್ಕ.

"ನಾನು ಮುಚ್ಚಳಕ್ಕೇ ಇಡ್ತಿದ್ದೆ ಕಣಪ್ಪ. ಓದೊರ್ಸ ನೀನೇ ಅದ ಬೋರಲು ಮಾಡ್ಕಂಡು ಬಂದೆ. 'ಅವ್ವ, ಈ ಜಾಲ್ರಿ ತಾವ ಏನೋ ಸದ್ದು ಬತ್ತದೆ, ಯಾರ್ದೋ ಕಣ್ಣು ಬಿದ್ದದೆ, ಇಲ್ಲಿಗೆ ವಸಿ ಜಾಸ್ತೀನೆ ಇಡು' ಅಂದೆ. ನಾನು ಬ್ಯಾಡ ಕಣ್ಲಾ ಅಂದ್ರೆ ಬಟ್ಲು ಕಿತ್ಕಂಡು ನೀನೇ ಸುರ್ಕಂಡೆ. ಮರ್ತೋಯ್ತಾ?"

ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು. "ಆಮೇಲ್ ಮಾಡ್ತೀನಿ," ಎಂದು ಫೋನ್ ಇಟ್ಟೆ. ಶಿವರಾಮು ತಲೆ ಬಗ್ಗಿಸಿಕೊಂಡು ನಗುತ್ತಿದ್ದ. ಜಾಲರಿ ಎಂದರೆ ಏನು, ಗಾಳಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಐಟಿಐನಲ್ಲಿ ಎರಡು ವರ್ಷ ಓದಿದ ನಾನು, ಫ್ಯಾನು ಸದ್ದು ಮಾಡಿದರೆ ದೃಷ್ಟಿ ತೆಗೆದಿದ್ದೆ.

"ಈಗೇನ್ ಮಾಡದು ಏಳ್ಲಾ," ಎಂದೆ.

ಶಿವರಾಮು ನಗು ನಿಲ್ಲಿಸಿದ. ಸರಿಯಾದ ದಾರಿ ಎಂದರೆ ಹೊಸ ಚಿಪ್ಪು ತರಿಸಿ ಹಾಕುವುದು, ಅದು ಬರಲು ಮೂರು ವಾರ. ಇನ್ನೊಂದು ದಾರಿ, ಇರುವ ಚಿಪ್ಪಿಗೇ ಬಿಸಿಗಾಳಿ ಕೊಟ್ಟು ಬಿಟ್ಟುಕೊಂಡ ಬೆಸುಗೆ ಮತ್ತೆ ಕೂಡುತ್ತದೆಯೇ ನೋಡುವುದು. ಅವನು ಇದನ್ನು ಮಾಡುವುದನ್ನೇ ಬಿಟ್ಟಿದ್ದ. ಹೀಗೆ ಎದ್ದ ಮಿಷನ್ನು ಹೆಚ್ಚು ದಿನ ಬಾಳುವುದಿಲ್ಲ, ಗಿರಾಕಿ ವಾಪಸ್ ಬಂದು ಬಾಯಿಗೆ ಬಂದಂತೆ ಬೈಯುತ್ತಾನೆ.

"ಇದು ವಾಸಿ ಮಾಡದಲ್ಲ ಕಣ್ಲಾ. ಎದ್ರೆ ಒಂದ್ ದಿನ ಇರ್ಬೋದು, ಒಂದ್ ತಿಂಗ್ಳು ಇರ್ಬೋದು. ಕಾವು ಒಂಚೂರು ಎಚ್ಚಾದ್ರೆ ಬೋರ್ಡೇ ಓಗ್ಬುಡ್ತದೆ. ಆಮೇಲೆ ಹೊಸ ಚಿಪ್ಪು ತಂದ್ರೂ ಇಲ್ಲ, ಬ್ರಹ್ಮ ಬಂದ್ರೂ ಇಲ್ಲ. ಮೂರ್ ವಾರ ಕಾಯ್ತೀಯಾ, ಈಗ್ಲೇ ಮಾಡ್ಲಾ? ನೀನೇ ಏಳ್ಬೇಕು."

ಚೌಡಯ್ಯ ನಾಳೆ ಆಸ್ಪತ್ರೆಯಿಂದ ಮನೆಗೆ ಹೊರಡುವವರಿದ್ದರು. ಮಗಳು ಮಳವಳ್ಳಿಯ ಗಂಡನ ಮನೆಗೆ ಹೋಗಿಯಾಗಿತ್ತು. ಆ ಮನುಷ್ಯನಿಗೆ ಉಳಿದಿದ್ದು ನನ್ನ ವಿಡಿಯೋ ಒಂದೇ. ಮೂರು ವಾರ ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. "ಮಾಡು," ಎಂದೆ.

ಅವನು ಮೊದಲು ಹಳೆಯ ಬ್ರಶ್ಶಿನಲ್ಲಿ ಕುಂಕುಮವನ್ನೆಲ್ಲ ತೆಗೆದ. ಬೋರ್ಡನ್ನು ಹೊರತೆಗೆದು, ಚಿಪ್ಪಿನ ಸುತ್ತಲಿನ ಸಣ್ಣ ಸಣ್ಣ ಭಾಗಗಳಿಗೆ ಬಿಸಿ ತಾಗದ ಹಳದಿ ಟೇಪು ಅಂಟಿಸಿ, ಅದರ ಮೇಲೆ ಬೆಳ್ಳಿ ಹಾಳೆ ಮುಚ್ಚಿದ. ಚಿಪ್ಪೊಂದೇ ಹೊರಗೆ ಕಾಣುತ್ತಿತ್ತು, ಉಗುರಿನಷ್ಟು ಕಪ್ಪು ಚೌಕ. ಮೂರು ಗಂಟೆಯ ಮದುವೆ ಅದರ ಹಿಂದೆ ಸಿಕ್ಕಿಕೊಂಡಿತ್ತು. ಬೋರ್ಡನ್ನು ಅಡಿಯಿಂದ ಕಾಯಿಸುವ ತಟ್ಟೆಯ ಮೇಲಿಟ್ಟು, ಅಂಚಿನ ಸಂದಿಗೆ ಬೆಸುಗೆ ಅಂಟು ಹಚ್ಚಿ, ಕಾವು ಅಳೆಯುವ ತಂತಿ ಸಿಕ್ಕಿಸಿದ. ನನ್ನ ಕಡೆ ತಿರುಗದೆ, "ಫ್ಯಾನ್ ಆರ್ಸು. ಬಾಗ್ಲು ಆಕು. ಉಸ್ರು ಬುಡ್ಬ್ಯಾಡ," ಎಂದ. ಕೊನೆಯದು ತಮಾಷೆಗೆ ಅಂದಿದ್ದು, ನಾನು ನಿಜವಾಗಿಯೂ ಬಿಡಲಿಲ್ಲ.

ಬಿಸಿಗಾಳಿಯ ಕೊಳವೆಯನ್ನು ಚಿಪ್ಪಿನ ಮೇಲೆ ಸಣ್ಣಗೆ ಸುತ್ತು ಸುತ್ತಾಗಿ ಆಡಿಸಿದ. ನೂರು, ನೂರೈವತ್ತು, ನೂರೆಂಬತ್ತು. ಅಂಟು ಕರಗಿ ಹೊಗೆ ಎದ್ದಿತು. ಇನ್ನೂರು ದಾಟಿದ ಮೇಲೆ ಅವನ ಹಣೆಯಲ್ಲಿ ಬೆವರು ಕಾಣಿಸಿತು, ಕೈ ಮಾತ್ರ ಅಲುಗಲಿಲ್ಲ. ಇನ್ನೂರ ಇಪ್ಪತ್ತರ ಹತ್ತಿರ ಅರ್ಧ ನಿಮಿಷ ಹಿಡಿದ. ಆಮೇಲೆ ಕೊಳವೆಯನ್ನು ಮೆಲ್ಲಗೆ ಮೇಲಕ್ಕೆತ್ತಿ ಆರಿಸಿದ.

"ಈಗ ತಾನಾಗೇ ಆರ್ಬೇಕು. ಮುಟ್ಟಂಗಿಲ್ಲ, ಊದಂಗಿಲ್ಲ. ಮುಕ್ಕಾಲು ಗಂಟೆ. ನಿನ್ ಮೂತಿ ನೋಡ್ಕಂಡು ಕೂರಕ್ ನನ್ ಕೈಲಾಗಲ್ಲ, ಓಗಿ ಟೀ ಕುಡ್ಕಂಡ್ ಬಾ."

ಟೀ ಅಂಗಡಿಯಲ್ಲಿ ನನ್ನ ಹಣೆಬರಹ ಫ್ಲಾಸ್ಕು ಹಿಡಿದುಕೊಂಡು ನಿಂತಿತ್ತು. ಚೌಡಯ್ಯನವರ ಹೆಂಡತಿ ಪಟ್ಟಲಮ್ಮ. ಆಸ್ಪತ್ರೆ ಅಲ್ಲೇ ಎದುರಿನ ರಸ್ತೆಯಲ್ಲಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಅಯ್ಯೋ ರಘು! ವಿಡಿಯೋ ತಂದ್ಯೇನಪ್ಪ? ಬಾ ಬಾ, ಬೆಳಗ್ಗಿಂದ ನಿನ್ನೇ ಗ್ಯಾನ ಮಾಡ್ತಾವ್ರೆ," ಎಂದು, ನಾನು ಬಾಯಿ ತೆರೆಯುವ ಮೊದಲೇ ಹೊರಟುಬಿಟ್ಟರು. ಹಿಂದೆ ಹೋಗದೆ ಗತಿ ಇರಲಿಲ್ಲ.

ಚೌಡಯ್ಯ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ದಿಂಬಿಗೊರಗಿದ್ದರು. ನನ್ನನ್ನು ಕಂಡು ಮುಖ ಅರಳಿತು. ಆದರೆ ಅವರಿಗೆ ಮೊದಲು ಹೆಂಡತಿಯನ್ನು ಬೈದು ಮುಗಿಸಬೇಕಾಗಿತ್ತು.

"ನೋಡಪ್ಪ ರಘು, ಒಂದ್ ವಾರದಿಂದ ಕೇಳ್ತಾ ಇವ್ನಿ, ಆ ಹಸ್ರು ಅಂಚಿನ ಟವಲ್ ತಕಬಾ ಅಂತ. ಮಗ್ಳು ಮದ್ವೆಗೆ ಅಂತ ತಗಂಡಿದ್ದು. ದಿನಾ ಈ ಹಳೇದೇ ತತ್ತಾಳೆ. ಕೇಳುದ್ರೆ ಸಿಕ್ಕಲಿಲ್ಲ ಅಂತಾಳೆ. ಮೂರ್ ಅಂಕಣದ ಮನೇಲಿ ಟವಲ್ಲು ಎಲ್ಲಿಗ್ ಓಯ್ತದೆ?"

ಪಟ್ಟಲಮ್ಮ ಅತ್ತ ತಿರುಗಿ ಲೋಟಕ್ಕೆ ಟೀ ಬಗ್ಗಿಸಿದರು.

"ಓಗ್ಲಿ ಬುಡು. ಎಲ್ಲಿ, ತಗಿ ವಿಡಿಯೋವ," ಎಂದು ಚೌಡಯ್ಯ ಕೈ ಚಾಚಿದರು.

ಸುಳ್ಳುಗಳು ಸಾಲಾಗಿ ಬಾಯಿಗೆ ಬಂದವು. ಆಯ್ತಾ ಇದೆ, ಇನ್ನೊಂದು ವಾರ, ಟೈಟಲ್ ಹಾಕುವುದು ಬಾಕಿ. ಈ ಕಸುಬಿನಲ್ಲಿ ಅವೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತವೆ. ಚಾಚಿದ ಕೈ ನೋಡಿ ಒಂದೂ ಹೊರಡಲಿಲ್ಲ. ನಡೆದಿದ್ದನ್ನೆಲ್ಲ ಹೇಳಿಬಿಟ್ಟೆ. ಕಾರ್ಡು ಅಳಿಸಿದ್ದು, ಜಾಲರಿಗೆ ಕುಂಕುಮ ಸುರಿದಿದ್ದು, ಈಗ ಬೋರ್ಡು ಅಲ್ಲಿ ಆರುತ್ತಿರುವುದು, ಎದ್ದರೆ ಎದ್ದಿತು ಎನ್ನುವುದು.

ಪಟ್ಟಲಮ್ಮ ಫ್ಲಾಸ್ಕು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದರು. "ಅದೂ ಓಯ್ತಾ?" ಎಂದರು, ಅಷ್ಟೇ.

ಚೌಡಯ್ಯ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯ ಕಡೆ ನೋಡುತ್ತ, "ಜಾಯಿಂಟ್ ಸಡ್ಲ ಆದ್ರೆ ಕಾಯ್ತದೆ, ಕಾದ್ರೆ ಇನ್ನೂ ಸಡ್ಲ ಆಯ್ತದೆ. ಕಂಬದಲ್ಲೂ ಅಂಗೇಯ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಓಗ್ಲಿ. ನೀನು ಅಲ್ಲೇ ಇದ್ದೆಯಲ್ಲ, ಎಲ್ಲಾರ್ಗಿಂತ ಅತ್ರ. ನೀನೇ ಏಳು. ನನ್ ತಮ್ಮ ಶಿವರಾಜು ಎಂಡ್ತಿ ಜೊತೆ ನಿಂತು ಧಾರೆ ಎರ್ದ ಅಂತ ಕೇಳ್ದೆ. ಆವಾಗ ನಮ್ ಕೂಸು ಎಂಗಿದ್ಲು?"

ನಾನು ನೆನಪು ಮಾಡಿಕೊಂಡೆ. ಧಾರೆಯ ಹೊತ್ತಿಗೆ ಬ್ಯಾಟರಿಯ ಕೆಂಪು ದೀಪ ಮಿನುಗುತ್ತಿತ್ತು. ದಪ್ಪನೆಯ ಯಾರೋ ಒಬ್ಬರು ಅಡ್ಡ ಬರುತ್ತಿದ್ದರು. ಏನೋ ವಿಷಯಕ್ಕೆ ಎರಡು ನಿಮಿಷ ತಡವಾಗಿ, ನನಗೆ ಸಿಟ್ಟು ಬಂದಿತ್ತು. ಹುಡುಗಿಯ ಮುಖಕ್ಕೆ ಬೆಳಕು ಸಾಲುತ್ತಿಲ್ಲ ಎಂದು ಲೈಟು ತಿರುಗಿಸಿದ್ದೆ. ಆ ಮುಖದಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಸಾವಿರಾರು ಮುಖಗಳನ್ನು ಹಿಡಿದ ನಾನು ಒಂದನ್ನೂ ಸರಿಯಾಗಿ ನೋಡಿರಲಿಲ್ಲ.

"ಚೆನ್ನಾಗಿದ್ಲು ಚೌಡಣ್ಣ," ಎಂದೆ. ಅವರು ತಲೆಯಾಡಿಸಿದರು. ನನಗೆ ಏನೂ ಗೊತ್ತಿಲ್ಲವೆಂದು ಅವರಿಗೆ ಗೊತ್ತಾಯಿತು. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶಿವರಾಮು. "ಆರದೆ ಬಾರ್ಲಾ, ಹಾಕಿ ನೋಡವ. ನೀನಿಲ್ದೆ ನಾನು ಹಾಕಕಿಲ್ಲ."

ಓಡಿದೆ. ನಾನು ಹೋಗುವಷ್ಟರಲ್ಲಿ ಬೋರ್ಡನ್ನು ಕೂರಿಸಿ, ಮುಚ್ಚಳ ಹಾಕದೆ, ಪಕ್ಕದಲ್ಲಿ ಟೇಬಲ್ ಫ್ಯಾನು ಇಟ್ಟುಕೊಂಡು ಕಾಯುತ್ತಿದ್ದ. "ಒತ್ತು," ಎಂದ. ನಾನು ಒತ್ತಲಿಲ್ಲ. ನನ್ನ ಕೈಗೆ ಅಷ್ಟು ಒಳ್ಳೆಯ ಹೆಸರಿರಲಿಲ್ಲ. ಅವನೇ ಒತ್ತಿದ.

ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಎಂಟು, ಒಂಬತ್ತು, ಹತ್ತು ಎಣಿಸಿದೆ. ಆಮೇಲೆ ಕಪ್ಪು ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತು. ಬೂದು ಬೆಳ್ಳಗಾಯಿತು. ನಾನು ಮಾಡಿಟ್ಟುಕೊಂಡಿದ್ದ ನೀಲಿ ಹಿನ್ನೆಲೆ, ಅದರ ಎಡಗಡೆ ಒಂದು ಹಳದಿ ಫೋಲ್ಡರು, ಅದರ ಕೆಳಗೆ 'ಪ್ರಿಯಾಂಕ ಮದುವೆ ಕೊಪ್ಪ'.

ಶಿವರಾಮುವನ್ನು ತಬ್ಬಿಕೊಂಡೆ. "ಬುಡ್ಲಾ, ಕಾಪಿ ಮಾಡ್ಕ ಮೊದ್ಲು! ತಿರ್ಗಾ ಮಲಿಕಂಬುಟ್ರೆ ನಾನು ಜವಾಬ್ದಾರಿ ಅಲ್ಲ," ಎಂದು ತಳ್ಳಿದ.

ಅವನದೇ ಖಾಲಿ ಡಿಸ್ಕು ಸಿಕ್ಕಿಸಿ ಕಾಪಿಗೆ ಹಾಕಿದೆವು. ಒಂದು ಗಂಟೆ ಹತ್ತು ನಿಮಿಷ ತೋರಿಸಿತು. ಅಷ್ಟೂ ಹೊತ್ತು ಇಬ್ಬರೂ ಅದರ ಮುಂದೆ ಕೂತಿದ್ದೆವು. ಅವನು ಆಗಾಗ ಚಿಪ್ಪಿನ ಹತ್ತಿರ ಬೆರಳು ಹಿಡಿದು ಕಾವು ನೋಡುತ್ತಿದ್ದ. ನೂರಕ್ಕೆ ತೊಂಬತ್ತೊಂದು ಭಾಗ ಮುಗಿದಾಗ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಬಂದು ಹೋಯಿತು. ಶಿವರಾಮು ಟೇಬಲ್ ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದ. ಗೆರೆ ಮತ್ತೆ ಬರಲಿಲ್ಲ. ಕಾಪಿ ಮುಗಿಯಿತು. ಎದೆಯ ಮೇಲಿನ ಭಾರ ಇಳಿದ ಹಾಗಾಗಿ, ಹಸಿವಾಗತೊಡಗಿತು. ಬೆಳಗ್ಗಿನಿಂದ ನೀರು ಬಿಟ್ಟು ಏನೂ ಹೊಟ್ಟೆಗೆ ಹೋಗಿರಲಿಲ್ಲ.

ತಿನ್ನಲಿಲ್ಲ. ಡಿಸ್ಕನ್ನೂ ಶಿವರಾಮುವಿನ ಇನ್ನೊಂದು ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ಪಟ್ಟಲಮ್ಮ ನನ್ನ ಮುಖ ನೋಡಿ, "ಸಿಕ್ತಾ?" ಎಂದರು. "ಸಿಕ್ತು ಕಣಮ್ಮ, ಎಲ್ಲಾನೂ ಸಿಕ್ತು," ಎಂದೆ. ಅವರು ಸೆರಗಿನಲ್ಲಿ ಮುಖ ಒತ್ತಿಕೊಂಡು ಗೋಡೆಗೆ ಒರಗಿ ನಿಂತರು. ಒಂದು ವಿಡಿಯೋಗೆ ಇಷ್ಟೊಂದು ಯಾಕೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

"ಧಾರೆ ಹಾಕಪ್ಪ ಮೊದ್ಲು. ಮಿಕ್ಕಿದ್ದು ಆಮೇಲೆ," ಎಂದರು ಚೌಡಯ್ಯ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಾಕಿದೆ. ಕತ್ತರಿಸಿಲ್ಲ, ಹಾಡು ಸೇರಿಸಿಲ್ಲ, ತೆಗೆದಿದ್ದು ತೆಗೆದ ಹಾಗೇ ಇತ್ತು. ಮೂವರೂ ಬಗ್ಗಿ ನೋಡತೊಡಗಿದೆವು.

ಮಂಟಪ. ಗಂಡು ಹೆಣ್ಣು ಎದುರು ಬದುರು. ಚೌಡಯ್ಯನವರ ತಮ್ಮ ಶಿವರಾಜು, ಅವನ ಹೆಂಡತಿ ಹಾಲಿನ ಚೊಂಬು ಹಿಡಿದು ನಿಂತಿದ್ದಾರೆ. ದಪ್ಪನೆಯವರು ಅಡ್ಡ ಬಂದರು, ಹೋದರು. ವಾಲಗದವರು ಒಂದು ಗಳಿಗೆ ನಿಲ್ಲಿಸಿದರು. ಪ್ರಿಯಾಂಕ ಕೈ ಒಡ್ಡಲಿಲ್ಲ. ಪಕ್ಕದಲ್ಲಿದ್ದ ಚೀಲಕ್ಕೆ ಕೈ ಹಾಕಿ ಏನೋ ತೆಗೆದಳು. ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಚಿಕ್ಕಪ್ಪ, ಇದ ಎಗ್ಲು ಮೇಲೆ ಆಕ್ಕ. ಅಪ್ಪಂದು. ಇದ ಆಕ್ಕಳಗಂಟ ನಾನು ಕೈ ಒಡ್ಡಕಿಲ್ಲ."

ಹಸಿರು ಅಂಚಿನ ಟವೆಲು. ಶಿವರಾಜು ತನ್ನ ರೇಷ್ಮೆ ಶಲ್ಯ ತೆಗೆದು ಹೆಂಡತಿಗೆ ಕೊಟ್ಟು, ಅಣ್ಣನ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಪ್ರಿಯಾಂಕ ಅದರ ತುದಿಯನ್ನು ಎಳೆದು ಸರಿ ಮಾಡಿ, ಅದನ್ನೇ ನೋಡುತ್ತ ಕೈ ಒಡ್ಡಿದಳು. ಹಾಲು ಬಿತ್ತು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನು ಆ ಎರಡು ನಿಮಿಷಕ್ಕೇ ಸಿಡಿಮಿಡಿಗೊಂಡಿದ್ದೆ. ಎಡಿಟ್ ಮಾಡುವಾಗ ಮೊದಲು ಕತ್ತರಿಸುತ್ತಿದ್ದುದೂ ಅದನ್ನೇ.

ಪಟ್ಟಲಮ್ಮ ಮೆಲ್ಲಗೆ ಹೇಳಿದರು. "ಅವ್ಳೇ ಏಳ್ಬ್ಯಾಡ ಅಂದ್ಲು. ಅಪ್ಪ ವಿಡಿಯೋದಲ್ಲೇ ನೋಡ್ಲಿ ಅಂತ. ಆ ಟವಲ್ಲ ಅವ್ಳೇ ಮಳವಳ್ಳಿಗೆ ತಗಂಡೋದ್ಲು."

ಚೌಡಯ್ಯನವರ ಕಣ್ಣಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು. ಒರೆಸಿಕೊಳ್ಳಲು ಪಕ್ಕದಲ್ಲಿದ್ದ ಹಳೆಯ ಟವೆಲನ್ನು ಎತ್ತಿಕೊಂಡರು. ಅದನ್ನು ಒಂದು ಗಳಿಗೆ ನೋಡಿ, "ಒಂದ್ ವಾರ ಬೈದ್ನಲ್ಲೇ ನಿನ್ನ. ಬಾಯ್ ಬುಡಕ್ ಏನಾಗಿತ್ತೆ?" ಎಂದು ಹೆಂಡತಿಗೆ ಗದರಿದರು. ಗದರಿಕೆ ಅರ್ಧಕ್ಕೇ ಒಡೆದುಹೋಯಿತು.

ಶಿವರಾಮು ಕಾಯಿಸಿದ ಚಿಪ್ಪು ಐದನೇ ದಿನ ಮತ್ತೆ ಸತ್ತಿತು. ಅಷ್ಟು ಹೊತ್ತಿಗೆ ಆ ಮದುವೆ ಮೂರು ಕಡೆ ಭದ್ರವಾಗಿತ್ತು. ಆ ಗುರುವಾರ ಮಾತ್ರ, ವಾರ್ಡಿನಲ್ಲಿ, ಚೌಡಯ್ಯ ಮುಖ ಒರೆಸಿಕೊಂಡು ನೆಟ್ಟಗೆ ಕೂತು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಇನ್ನೊಂದ್ ಕಿತ ಹಾಕು ರಘು," ಎಂದರು. "ನೀನೂ ಬಾ, ಇಲ್ಲೇ ಕೂತ್ಕ. ಈ ಕಿತ ಸರಿಯಾಗಿ ನೋಡ್ಕ."